ಕೆಳಗಿನ ಮಾತು ಮೇಲೆ ಹತ್ತಲು ಮೆಟ್ಟಿಲು ಬೇಕು

ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದವರಿಗೆ ಹೆನ್ರಿ ಫಯೋಲ್ ಎಂಬ ಹೆಸರು ಹೊಸದಲ್ಲ. ವ್ಯವಹಾರ ಅಧ್ಯಯನದ ಎರಡನೇ ಅಧ್ಯಾಯದಲ್ಲಿ ಬರುವ ಅವರ ಹದಿನಾಲ್ಕು ತತ್ವಗಳನ್ನು ನಾವು ಮೊದಲ ಅಕ್ಷರಗಳನ್ನು ಜೋಡಿಸಿಕೊಂಡು ಬಾಯಿಪಾಠ ಮಾಡುತ್ತೇವೆ, ಪರೀಕ್ಷೆಯಲ್ಲಿ ಬರೆಯುತ್ತೇವೆ, ಹಾಲ್‌ನಿಂದ ಹೊರಗೆ ಬಂದ ಮೇಲೆ ಮರೆತುಬಿಡುತ್ತೇವೆ. ಆದರೆ ಆ ತತ್ವಗಳು ಕಾರ್ಖಾನೆ, ಕಂಪನಿಗಳಿಗೆ ಮಾತ್ರ ಸಂಬಂಧಿಸಿದವಲ್ಲ. ನಾಲ್ಕು ಜನ ಸೇರಿ ಮಾಡುವ ಪ್ರಾಜೆಕ್ಟ್, ವಾರ್ಷಿಕೋತ್ಸವದ ಸಮಿತಿ, ಕ್ರಿಕೆಟ್ ತಂಡ, ಎನ್‌ಎಸ್‌ಎಸ್ ಶಿಬಿರ ಎಲ್ಲದರಲ್ಲೂ ಅವು ದಿನವೂ ಪರೀಕ್ಷೆಗೆ ಒಳಗಾಗುತ್ತಿರುತ್ತವೆ. ಆ ಪರೀಕ್ಷೆಯಲ್ಲಿ ನಾವು ಹೆಚ್ಚಾಗಿ ಫೇಲ್ ಆಗುತ್ತಿದ್ದೇವೆ ಎಂಬುದು ನನ್ನ ಅಭಿಪ್ರಾಯ. ಯಾಕೆ ಎಂದು ಈ ಲೇಖನದಲ್ಲಿ ವಿವರಿಸುತ್ತೇನೆ.

ವಿಜ್ಞಾನ ಮತ್ತು ಕಲಾ ವಿಭಾಗದ ಗೆಳೆಯರಿಗಾಗಿ ಒಂದು ಸಣ್ಣ ಪರಿಚಯ. ಫಯೋಲ್ (1841–1925) ಫ್ರಾನ್ಸಿನ ಗಣಿ ಎಂಜಿನಿಯರ್. ಹತ್ತೊಂಬತ್ತನೇ ವಯಸ್ಸಿಗೆ ಒಂದು ಗಣಿ ಕಂಪನಿಗೆ ಸೇರಿದರು. 1888ರಲ್ಲಿ ಆ ಕಂಪನಿ ದಿವಾಳಿಯಾಗುವ ಸ್ಥಿತಿಯಲ್ಲಿದ್ದಾಗ ಅದರ ಮುಖ್ಯಸ್ಥರಾಗಿ, ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ತಮ್ಮ ಅನುಭವವನ್ನು 1916ರಲ್ಲಿ ಪ್ರಕಟಿಸಿದರು. ಅವರ ತತ್ವಗಳಲ್ಲಿ ‘ಸ್ಕೇಲಾರ್ ಚೈನ್’ ಎಂಬುದು ಒಂದು. ಅಂದರೆ ಮೇಲಿನಿಂದ ಕೆಳಗಿನವರೆಗೆ ಅಧಿಕಾರದ ಸರಪಳಿ ಇರಬೇಕು, ಆದೇಶವೂ ವರದಿಯೂ ಆ ಸರಪಳಿಯ ಕೊಂಡಿಗಳ ಮೂಲಕವೇ ಸಾಗಬೇಕು. ಇದು ನಮಗೆಲ್ಲ ಚೆನ್ನಾಗಿ ನೆನಪಿರುತ್ತದೆ. ಆದರೆ ಅದೇ ಫಯೋಲ್ ಅದರ ಪಕ್ಕದಲ್ಲೇ ‘ಗ್ಯಾಂಗ್ ಪ್ಲ್ಯಾಂಕ್’ ಎಂಬ ಅಡ್ಡ ಹಲಗೆಯನ್ನೂ ಇಟ್ಟರು: ತುರ್ತು ಇದ್ದಾಗ ಸರಪಳಿ ಸುತ್ತಿ ಬರಬೇಕಾಗಿಲ್ಲ, ನೇರವಾಗಿ ಮಾತಾಡಬಹುದು. ಕೆಳಗಿನವರಿಗೂ ಯೋಚಿಸಿ ಸಲಹೆ ಕೊಡುವ ಅವಕಾಶ ಇರಬೇಕು ಎಂದು ‘ಇನಿಶಿಯೇಟಿವ್’ ತತ್ವದಲ್ಲಿ ಹೇಳಿದರು. ದಯೆ ಮತ್ತು ನ್ಯಾಯ ಎರಡೂ ಸೇರಿದರೆ ಮಾತ್ರ ಸಮಾನ ನಡವಳಿಕೆ ಎಂದು ‘ಇಕ್ವಿಟಿ’ಯಲ್ಲಿ ಹೇಳಿದರು. ಸರಪಳಿಯನ್ನು ನಾವು ಇಟ್ಟುಕೊಂಡಿದ್ದೇವೆ, ಹಲಗೆಯನ್ನು ಪುಸ್ತಕದಲ್ಲೇ ಬಿಟ್ಟಿದ್ದೇವೆ.

ಶ್ರೇಣಿ ಬೇಡವೇ ಬೇಡ ಎನ್ನುವವರ ಪೈಕಿ ನಾನಲ್ಲ. ಎಲ್ಲರೂ ಯಜಮಾನರಾದರೆ ಹೊರೆ ಹೊರುವವರು ಇರುವುದಿಲ್ಲ. ಆದರೆ ಶ್ರೇಣಿ ಎಂದರೆ ಮಾತು ಮೇಲಿನಿಂದ ಕೆಳಗೆ ಇಳಿಯುವ ಜಾರುಬಂಡೆ ಅಲ್ಲ. ಅದು ಮೆಟ್ಟಿಲು. ಮೆಟ್ಟಿಲಿನಲ್ಲಿ ಇಳಿಯಲೂ ಬೇಕು, ಹತ್ತಲೂ ಬೇಕು. ಹತ್ತಲು ಆಗದ ಮೆಟ್ಟಿಲು ತಂಡದ ಕೆಲಸವನ್ನೂ ಕೆಡಿಸುತ್ತದೆ, ತಂಡದೊಳಗಿನ ನ್ಯಾಯವನ್ನೂ ಕೆಡಿಸುತ್ತದೆ.

ಮೂರು ಸಲ ಹೇಳಿದ ಮಾತು

ಇದಕ್ಕೆ ಅತ್ಯಂತ ನೋವಿನ ಉದಾಹರಣೆ ನಮ್ಮ ಕರಾವಳಿಯಲ್ಲೇ ಇದೆ. 2010ರ ಮೇ 22ರಂದು ಬೆಳಿಗ್ಗೆ ಸುಮಾರು ಆರು ಗಂಟೆಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಲ್ಲಿ ಇಳಿಯುವಾಗ ರನ್‌ವೇ ದಾಟಿ ಕಣಿವೆಗೆ ಬಿತ್ತು. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, ಎಂಟು ಮಂದಿ ಬದುಕಿ ಉಳಿದರು. ಆಗ ನಾವು ಒಂದೋ ಎರಡೋ ವರ್ಷದ ಮಕ್ಕಳು, ಕೆಲವರು ಹುಟ್ಟಿರಲೂ ಇಲ್ಲ. ಆದರೆ ಗಲ್ಫ್‌ನಲ್ಲಿ ದುಡಿಯುವವರಿರುವ ನಮ್ಮ ಮನೆಗಳಲ್ಲಿ ಆ ದಿನದ ಮಾತು ಈಗಲೂ ಬರುತ್ತದೆ. ಕಾಸರಗೋಡಿನಿಂದ ಭಟ್ಕಳದವರೆಗೆ ಎಷ್ಟೋ ಊರುಗಳಲ್ಲಿ ಅಂದು ಒಂದಲ್ಲ ಒಂದು ಮನೆಯ ಬಾಗಿಲಲ್ಲಿ ಜನ ಸೇರಿದ್ದರು.

ಅಪಘಾತದ ತನಿಖೆ ನಡೆಸಿದ ವಿಚಾರಣಾ ಸಮಿತಿಯ ವರದಿ ಸಾರ್ವಜನಿಕವಾಗಿದೆ. ಅದರಲ್ಲಿರುವ ಸಂಗತಿ ಇದು. ಇಳಿಯುವ ಹಂತದಲ್ಲಿ ವಿಮಾನ ಇರಬೇಕಾದ ಎತ್ತರಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಮೇಲಿತ್ತು. ಇಂಥ ಸಂದರ್ಭದಲ್ಲಿ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಿ, ಒಂದು ಸುತ್ತು ಹಾಕಿ ಬರಬೇಕು. ಇದನ್ನು ‘ಗೋ ಅರೌಂಡ್’ ಎನ್ನುತ್ತಾರೆ. ಸಹ ಪೈಲಟ್ ಅದನ್ನು ಒಂದಲ್ಲ, ಮೂರು ಸಲ ಹೇಳಿದರು. ವಿಮಾನದ ಎಚ್ಚರಿಕೆ ಯಂತ್ರವೂ ಹಲವು ಬಾರಿ ಕೂಗಿತು. ಆದರೂ ಕ್ಯಾಪ್ಟನ್ ಇಳಿಸುವ ನಿರ್ಧಾರವನ್ನು ಬಿಡಲಿಲ್ಲ. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ 5,000 ಅಡಿಗೂ ಹೆಚ್ಚು ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಉಳಿದ ಜಾಗ ಸಾಲಲಿಲ್ಲ.

ಕ್ಯಾಪ್ಟನ್‌ಗೆ 10,000 ಗಂಟೆಗೂ ಹೆಚ್ಚು ಹಾರಾಟದ ಅನುಭವ ಇತ್ತು. ಸಹ ಪೈಲಟ್‌ಗೆ ಅದಕ್ಕಿಂತ ತುಂಬ ಕಡಿಮೆ. ಆದರೆ ಮಂಗಳೂರಿನ ಈ ಗುಡ್ಡದ ಮೇಲಿನ ರನ್‌ವೇಯಲ್ಲಿ ಹೆಚ್ಚು ಸಲ ಇಳಿದಿದ್ದವರು ಸಹ ಪೈಲಟ್. ದರ್ಜೆ ಒಬ್ಬರ ಬಳಿ, ಆ ಜಾಗದ ಪರಿಚಯ ಇನ್ನೊಬ್ಬರ ಬಳಿ. ಆ ಕ್ಷಣದಲ್ಲಿ ಗೆದ್ದದ್ದು ದರ್ಜೆ.

ಕಾರಣ ಅದೊಂದೇ ಅಲ್ಲ. ಕ್ಯಾಪ್ಟನ್ ಹಾರಾಟದ ನಡುವೆ ದೀರ್ಘ ನಿದ್ದೆಯಲ್ಲಿದ್ದು, ಆ ಮಂಪರು ಪೂರ್ತಿ ಬಿಟ್ಟಿರಲಿಲ್ಲ ಎಂದು ವರದಿ ಹೇಳುತ್ತದೆ. ಮಂಗಳೂರಿನ ರೇಡಾರ್ ಆಗ ಕೆಲಸ ಮಾಡದೆ ಇದ್ದುದರಿಂದ ವಿಮಾನಕ್ಕೆ ಇಳಿಯುವ ಸೂಚನೆ ಹತ್ತಿರ ಬಂದ ಮೇಲೆ ಸಿಕ್ಕಿತು ಎಂದೂ ಹೇಳುತ್ತದೆ. ತೀರಿಹೋದವರನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ವರದಿಯ ಇನ್ನೊಂದು ಮಾತು ನನ್ನ ಗಮನ ಸೆಳೆಯಿತು, ಅದಕ್ಕಾಗಿ ಬರೆಯುತ್ತಿದ್ದೇನೆ. ಮೂರು ಸಲ ಹೇಳಿದ ಸಹ ಪೈಲಟ್ ತಾವೇ ನಿಯಂತ್ರಣ ತೆಗೆದುಕೊಂಡು ವಿಮಾನವನ್ನು ಯಾಕೆ ಮೇಲೇರಿಸಲಿಲ್ಲ? ಸಹ ಪೈಲಟ್‌ಗೆ ಆ ಅಧಿಕಾರ ಇದೆಯೇ ಇಲ್ಲವೇ ಎಂಬ ಬಗ್ಗೆ ಸೂಚನೆಗಳಲ್ಲೇ ಸ್ಪಷ್ಟತೆ ಇಲ್ಲದಿದ್ದುದು ಬಹುಶಃ ಇದಕ್ಕೆ ಕಾರಣ ಎಂದು ಸಮಿತಿ ಹೇಳಿತು.

ಈ ಮಾತನ್ನು ನಿಧಾನವಾಗಿ ಯೋಚಿಸಿ ನೋಡಿ. ಕೆಳಗಿನವರು ಹೇಳಲಿಲ್ಲ ಎಂದಲ್ಲ, ಹೇಳಿದರು. ಧೈರ್ಯ ಇರಲಿಲ್ಲ ಎಂದೂ ಅಲ್ಲ, ಮೂರು ಸಲ ಹೇಳಲು ಧೈರ್ಯ ಬೇಕು. ಇಲ್ಲದೇ ಹೋದದ್ದು ನಿಯಮದ ಬೆಂಬಲ. ಹೇಳಿದ ಮಾತನ್ನು ಮೇಲಿನವರು ಕೇಳದಿದ್ದರೆ ಮುಂದೇನು ಎಂದು ಮೊದಲೇ ಸ್ಪಷ್ಟವಾಗಿ ತೀರ್ಮಾನ ಆಗಿರಲಿಲ್ಲ. ಅದಕ್ಕೇ ನಾನು ಹೇಳುವುದು, ಮಾತು ಮೇಲೆ ಹತ್ತಲು ಒಳ್ಳೆಯ ಮನಸ್ಸು ಸಾಲದು, ಮೆಟ್ಟಿಲನ್ನು ಕಟ್ಟಿ ಇಡಬೇಕು.

ವಿಮಾನಯಾನ ಜಗತ್ತು ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿತಿದೆ. 1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಮಂಜಿನ ನಡುವೆ ಎರಡು ದೊಡ್ಡ ವಿಮಾನಗಳು ರನ್‌ವೇಯಲ್ಲೇ ಡಿಕ್ಕಿ ಹೊಡೆದು 583 ಮಂದಿ ಸತ್ತರು. ಎದುರಿನ ವಿಮಾನ ರನ್‌ವೇ ಬಿಟ್ಟಿದೆಯೇ ಎಂದು ಹಾರಲು ಹೊರಟ ವಿಮಾನದ ಫ್ಲೈಟ್ ಎಂಜಿನಿಯರ್ ಅನುಮಾನದಿಂದ ಕೇಳಿದರು. ಆ ಕಂಪನಿಯಲ್ಲಿ ಪೈಲಟ್‌ಗಳಿಗೇ ತರಬೇತಿ ಕೊಡುವಷ್ಟು ದೊಡ್ಡವರಾಗಿದ್ದ ಕ್ಯಾಪ್ಟನ್, ಹೌದು ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಇಂಥ ಅಪಘಾತಗಳ ನಂತರ, 1979ರಲ್ಲಿ ನಾಸಾ ಒಂದು ಕಾರ್ಯಾಗಾರ ನಡೆಸಿತು. 1981ರಲ್ಲಿ ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಕಾಕ್‌ಪಿಟ್‌ನಲ್ಲಿ ಪರಸ್ಪರ ಮಾತಾಡುವುದನ್ನೇ ಕಲಿಸುವ ತರಬೇತಿ ಆರಂಭಿಸಿತು. ಕಿರಿಯರು ಆತಂಕವನ್ನು ಸ್ಪಷ್ಟವಾಗಿ ಹೇಳುವುದು, ಪರಿಹಾರವನ್ನೂ ಜೊತೆಗೆ ಸೂಚಿಸುವುದು, ಹಿರಿಯರು ಕೇಳಿ ಉತ್ತರಿಸುವುದು, ಇವೆಲ್ಲ ಅದರಲ್ಲಿ ಪಾಠ.

ಅದರ ಫಲವೂ ಕಂಡಿತು. 1989ರ ಜುಲೈ 19ರಂದು ಅದೇ ಕಂಪನಿಯ ವಿಮಾನವೊಂದರ ಎಂಜಿನ್ ಆಕಾಶದಲ್ಲೇ ಸಿಡಿದು, ವಿಮಾನ ತಿರುಗಿಸುವ ವ್ಯವಸ್ಥೆಯೇ ಕೆಟ್ಟುಹೋಯಿತು. ಕ್ಯಾಪ್ಟನ್ ಆಲ್ ಹೇಯ್ನ್ಸ್ ತಮ್ಮ ಸಿಬ್ಬಂದಿಯ ಮಾತು ಕೇಳಿದ್ದಲ್ಲದೆ, ಪ್ರಯಾಣಿಕರಾಗಿ ಬಂದಿದ್ದ ಇನ್ನೊಬ್ಬ ಪೈಲಟ್ ತರಬೇತುದಾರರನ್ನೂ ಕಾಕ್‌ಪಿಟ್‌ಗೆ ಕರೆಸಿ ಕೆಲಸ ವಹಿಸಿದರು. ಸ್ಯೂ ಸಿಟಿಯಲ್ಲಿ ನೆಲಕ್ಕೆ ಅಪ್ಪಳಿಸಿದ ಆ ವಿಮಾನದ 296 ಮಂದಿಯಲ್ಲಿ 184 ಮಂದಿ ಬದುಕಿದರು. ಎಲ್ಲವೂ ಗೊತ್ತಿದ್ದವರು ಅಲ್ಲಿ ಯಾರೂ ಇರಲಿಲ್ಲ, ಪ್ರತಿಯೊಬ್ಬರಿಗೂ ಸ್ವಲ್ಪ ಗೊತ್ತಿತ್ತು ಎಂಬ ಅರ್ಥದಲ್ಲಿ ಹೇಯ್ನ್ಸ್ ನಂತರ ಮಾತಾಡಿದರು. ಗಮನಿಸಿ, ಅಲ್ಲಿಯೂ ಕ್ಯಾಪ್ಟನ್ ಕ್ಯಾಪ್ಟನ್ನೇ ಆಗಿದ್ದರು. ಕೇಳಿದ್ದರಿಂದ ಅವರ ದರ್ಜೆ ಕಡಿಮೆಯಾಗಲಿಲ್ಲ.

ಹಗ್ಗ ಹಿಡಿದವರು, ಎಳೆದವರು

ವಿಮಾನದ ಮಾತು ದೊಡ್ಡದಾಯಿತು, ನಮ್ಮ ಪ್ರಾಜೆಕ್ಟ್‌ನಲ್ಲಿ ಯಾರ ಪ್ರಾಣವೂ ಹೋಗುವುದಿಲ್ಲ ಎಂದು ನೀವು ಹೇಳಬಹುದು. ಸರಿ. ಹಾಗಾದರೆ ಹಗ್ಗಜಗ್ಗಾಟಕ್ಕೆ ಬರೋಣ.

ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ ಜನರಿಂದ ಹಗ್ಗ ಎಳೆಸಿ ಬಲವನ್ನು ಅಳೆದರು. 1913ರಲ್ಲಿ ಪ್ರಕಟವಾದ ಅವರ ಫಲಿತಾಂಶ ಹೀಗಿತ್ತು: ಗುಂಪು ದೊಡ್ಡದಾದಷ್ಟೂ ಒಬ್ಬೊಬ್ಬರು ಹಾಕುವ ಬಲ ಕಡಿಮೆಯಾಗುತ್ತ ಹೋಗುತ್ತದೆ. ಎಂಟು ಜನ ಸೇರಿದರೆ ಎಂಟು ಜನರ ಬಲ ಬರುವುದಿಲ್ಲ. ಒಟ್ಟಿಗೆ ಎಳೆಯುವ ಹೊಂದಾಣಿಕೆ ತಪ್ಪುವುದು ಒಂದು ಕಾರಣ. ಇನ್ನೊಂದನ್ನು ಅಮೆರಿಕದ ಮನಃಶಾಸ್ತ್ರಜ್ಞ ಬಿಬ್ ಲಟಾನೆ ಮತ್ತು ಸಂಗಡಿಗರು 1979ರಲ್ಲಿ ಚಪ್ಪಾಳೆ ಮತ್ತು ಕೂಗಿನ ಪ್ರಯೋಗದಿಂದ ತೋರಿಸಿದರು: ತನ್ನ ಪಾಲು ಎಷ್ಟು ಎಂದು ಯಾರಿಗೂ ತಿಳಿಯುವುದಿಲ್ಲ ಎನಿಸಿದಾಗ ಮನುಷ್ಯ ತನಗೇ ಗೊತ್ತಿಲ್ಲದಂತೆ ಕೈ ಸಡಿಲ ಬಿಡುತ್ತಾನೆ. ಅವರ ಪಾಲನ್ನು ಬೇರೆಯಾಗಿ ಅಳೆಯುತ್ತೇವೆ ಎಂದು ತಿಳಿಸಿದಾಗ ಈ ಸಡಿಲಿಕೆ ಕಡಿಮೆಯಾಯಿತು.

‘ಹತ್ತು ಮಂದಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ’ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಆದರೆ ಹತ್ತು ಮಂದಿಯಲ್ಲಿ ಯಾರು ಕಡ್ಡಿ ಹೊತ್ತರು, ಯಾರು ಬರಿಗೈಯಲ್ಲಿ ನಡೆದರು ಎಂದು ನೋಡುವವರು ಇಲ್ಲದಿದ್ದರೆ, ಹತ್ತು ಮಂದಿ ಇದ್ದರೂ ಹೊರೆ ಒಬ್ಬನ ತಲೆಗೇ ಬರುತ್ತದೆ. ನಮ್ಮ ಗುಂಪು ಪ್ರಾಜೆಕ್ಟ್‌ಗಳನ್ನು ನೆನಪಿಸಿಕೊಳ್ಳಿ. ಐದು ಜನರ ಗುಂಪು. ಒಬ್ಬಳು ರಾತ್ರಿ ಕೂತು ಬರೆಯುತ್ತಾಳೆ. ಒಬ್ಬ ಚಾರ್ಟ್ ತರುತ್ತಾನೆ. ಇಬ್ಬರು ವಾಟ್ಸಾಪ್ ಗುಂಪಿನಲ್ಲಿ ಹೆಬ್ಬೆರಳು ಒತ್ತುತ್ತಾರೆ. ಮಾತು ಚೆನ್ನಾಗಿ ಬರುವ ಐದನೆಯವನು ತರಗತಿಯ ಮುಂದೆ ನಿಂತು ಎಲ್ಲವನ್ನೂ ವಿವರಿಸುತ್ತಾನೆ. ಅಂಕ ಐವರಿಗೂ ಒಂದೇ, ಹೊಗಳಿಕೆ ಮಾತ್ರ ಐದನೆಯವನಿಗೆ. ಮುಂದಿನ ಪ್ರಾಜೆಕ್ಟ್ ಬಂದಾಗ ಬರೆದವಳ ಉತ್ಸಾಹ ಅರ್ಧ ಆಗಿರುತ್ತದೆ. ಅನ್ಯಾಯವಾದ ತಂಡದಲ್ಲಿ ಕೆಲಸವೂ ಕುಸಿಯುವುದು ಹೀಗೆ. ನ್ಯಾಯ ಬೇರೆ, ಉತ್ಪಾದಕತೆ ಬೇರೆ ಎಂದು ಪುಸ್ತಕದಲ್ಲಿ ಎರಡು ಪುಟಗಳಲ್ಲಿ ಓದಿದರೂ ಜೀವನದಲ್ಲಿ ಅವು ಒಂದೇ ಪುಟದ ಎರಡು ಬದಿ.

ನಾಯಕನ ಸ್ವಭಾವ ಕೆಲಸದ ಮೇಲೆ ಏನು ಪರಿಣಾಮ ಬೀರುತ್ತದೆ ಎಂಬುದಕ್ಕೆ 1939ರಲ್ಲಿ ಪ್ರಕಟವಾದ ಕುರ್ಟ್ ಲೆವಿನ್ ಮತ್ತು ಸಂಗಡಿಗರ ಪ್ರಯೋಗ ಪ್ರಸಿದ್ಧ. ಹತ್ತು ವರ್ಷದ ಆಸುಪಾಸಿನ ಹುಡುಗರ ಗುಂಪುಗಳಿಗೆ ಕರಕುಶಲ ಕೆಲಸ ಕೊಟ್ಟು, ಮೂರು ಬಗೆಯ ನಾಯಕರನ್ನು ನೇಮಿಸಿದರು. ಎಲ್ಲವನ್ನೂ ತಾನೇ ಆಜ್ಞಾಪಿಸುವ ನಾಯಕ, ಗುಂಪಿನ ಜೊತೆ ಚರ್ಚಿಸಿ ನಡೆಸುವ ನಾಯಕ, ಏನನ್ನೂ ಹೇಳದೆ ಸುಮ್ಮನೆ ಕೂರುವ ನಾಯಕ. ಆಜ್ಞೆ ಮಾಡುವವನು ಎದುರಿಗಿದ್ದಾಗ ಹುಡುಗರು ಚೆನ್ನಾಗಿಯೇ ದುಡಿದರು, ಅವನು ಹೊರಗೆ ಹೋದಾಗ ಕೆಲಸ ಬಿತ್ತು. ಚರ್ಚಿಸುವ ನಾಯಕ ಹೊರಗೆ ಹೋದರೂ ಅವನ ಗುಂಪಿನಲ್ಲಿ ಕೆಲಸ ಮುಂದುವರಿಯಿತು. ಸುಮ್ಮನೆ ಕೂತ ನಾಯಕನ ಗುಂಪು ಎಲ್ಲರಿಗಿಂತ ಹಿಂದೆ ಬಿತ್ತು. ‘ಲೀಡರ್ ಯಾಕೆ ಬೇಕು, ನಾವೆಲ್ಲ ಫ್ರೆಂಡ್ಸ್’ ಎನ್ನುವವರಿಗೆ ಈ ಕೊನೆಯ ಸಾಲು. ‘ನಾನು ಹೇಳಿದ್ದು ಮಾಡಿ ಸಾಕು’ ಎನ್ನುವ ಲೀಡರ್‌ಗಳಿಗೆ ಮೊದಲನೆಯದು.

ಕಾರ್ಖಾನೆಯ ಉದಾಹರಣೆಯೂ ಒಂದಿರಲಿ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್‌ನ ಒಂದು ಕಾರು ಕಾರ್ಖಾನೆ ಇತ್ತು. ಗೈರುಹಾಜರಿ, ಜಗಳ, ಕಳಪೆ ಗುಣಮಟ್ಟಕ್ಕೆ ಅದು ಹೆಸರಾಗಿತ್ತು. 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೊಟಾ ಜೊತೆ ಸೇರಿ ಅದನ್ನು ಮತ್ತೆ ತೆರೆದಾಗ ಕೆಲಸಕ್ಕೆ ತೆಗೆದುಕೊಂಡವರಲ್ಲಿ ಹೆಚ್ಚಿನವರು ಹಳೆಯ ಕಾರ್ಮಿಕರೇ. ಬದಲಾದದ್ದು ಆಡಳಿತದ ರೀತಿ. ನಮ್ಮ ಬಿಡದಿಯಲ್ಲೂ ಕಾರ್ಖಾನೆ ಇರುವ ಟೊಯೊಟಾದ ಪದ್ಧತಿಯಲ್ಲಿ ಅಸೆಂಬ್ಲಿ ಲೈನ್‌ನ ಉದ್ದಕ್ಕೂ ಒಂದು ಹಗ್ಗ ಇರುತ್ತದೆ. ದೋಷ ಕಂಡರೆ ಯಾವ ಕಾರ್ಮಿಕ ಬೇಕಾದರೂ ಅದನ್ನು ಎಳೆಯಬಹುದು. ಮೇಲ್ವಿಚಾರಕ ಬೈಯಲು ಬರುವುದಿಲ್ಲ, ಸಹಾಯಕ್ಕೆ ಓಡಿ ಬರುತ್ತಾನೆ. ಸಮಸ್ಯೆ ಆಗಲೇ ಬಗೆಹರಿಯದಿದ್ದರೆ ಲೈನ್ ನಿಲ್ಲುತ್ತದೆ. ಲೈನ್ ನಿಲ್ಲಿಸಿದರೆ ನಷ್ಟ ಎಂದು ಹಳೆಯ ಆಡಳಿತ ಹೆದರುತ್ತಿತ್ತು. ಆದರೆ ಹೊಸ ಪದ್ಧತಿಯಲ್ಲಿ ಅದೇ ಕಾರ್ಮಿಕರು ಒಳ್ಳೆಯ ಕಾರುಗಳನ್ನು ಮಾಡಿದರು, ಗೈರುಹಾಜರಿಯೂ ಇಳಿಯಿತು. ‘ಈ ಕಾಲದ ಮಕ್ಕಳೇ ಸರಿಯಿಲ್ಲ’ ಎಂದು ತಂಡವನ್ನು ದೂರುವ ಮೊದಲು ತಂಡ ನಡೆಯುವ ರೀತಿ ಸರಿಯಿದೆಯೇ ಎಂದು ನೋಡಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸೋತಾಗ ಮುಂದೆ, ಗೆದ್ದಾಗ ಹಿಂದೆ

ಹೊಗಳಿಕೆ ಮತ್ತು ಬೈಗುಳ ಯಾರಿಗೆ ಹಂಚಿಹೋಗುತ್ತದೆ ಎಂಬುದರಲ್ಲಿ ನಾಯಕತ್ವದ ನಿಜವಾದ ಪರೀಕ್ಷೆ ಇದೆ. ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ತಮ್ಮ ಅನೇಕ ಭಾಷಣಗಳಲ್ಲಿ ಹೇಳುತ್ತಿದ್ದ ಒಂದು ಪ್ರಸಂಗ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. 1979ರ ಆಗಸ್ಟ್ 10ರಂದು ಭಾರತದ ಉಪಗ್ರಹ ವಾಹಕ ಎಸ್‌ಎಲ್‌ವಿ-3ರ ಮೊದಲ ಉಡಾವಣೆ. ಕಲಾಂ ಯೋಜನಾ ನಿರ್ದೇಶಕರು. ಉಡಾವಣೆ ಬೇಡ ಎಂದು ಕಂಪ್ಯೂಟರ್ ತಡೆ ಹಾಕಿತು. ತಜ್ಞರ ಜೊತೆ ಮಾತಾಡಿ, ಮುಂದುವರಿಯೋಣ ಎಂದು ಕಲಾಂ ತೀರ್ಮಾನಿಸಿದರು. ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಪತ್ರಕರ್ತರ ಎದುರು ಬಂದು ಪ್ರಶ್ನೆಗಳನ್ನು ಎದುರಿಸಿದವರು ಕಲಾಂ ಅಲ್ಲ, ಇಸ್ರೊ ಅಧ್ಯಕ್ಷ ಸತೀಶ್ ಧವನ್. ಸೋಲಿನ ಹೊಣೆಯನ್ನು ಅವರು ತಮ್ಮ ಮೇಲೆ ಹಾಕಿಕೊಂಡು, ನನ್ನ ತಂಡದ ಮೇಲೆ ನನಗೆ ವಿಶ್ವಾಸವಿದೆ ಎಂದರು. 1980ರ ಜುಲೈ 18ರಂದು ಅದೇ ತಂಡ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನ ಪತ್ರಿಕಾಗೋಷ್ಠಿ ನಡೆಸುವಂತೆ ಧವನ್ ಹೇಳಿದ್ದು ಕಲಾಂ ಅವರಿಗೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಧವನ್ ಅಂದು ಅಧಿಕಾರದ ಸರಪಳಿಯನ್ನು ಮುರಿಯಲಿಲ್ಲ. ಅದರ ತುತ್ತತುದಿಯಲ್ಲೇ ಇದ್ದರು. ಆದರೆ ಬೈಗುಳ ಮೇಲಕ್ಕೆ ಹರಿಯುವಂತೆ, ಹೊಗಳಿಕೆ ಕೆಳಕ್ಕೆ ಹರಿಯುವಂತೆ ಮಾಡಿದರು. ನಾವು ನೋಡುವ ಹೆಚ್ಚಿನ ಸಮಿತಿಗಳಲ್ಲಿ ಇದು ತಿರುಗುಮುರುಗು. ಕಾರ್ಯಕ್ರಮ ಚೆನ್ನಾಗಿ ಆದರೆ ವೇದಿಕೆಯಲ್ಲಿ ಶಾಲು ಲೀಡರ್‌ಗೆ, ಮೈಕ್ ಕೈಕೊಟ್ಟರೆ ತಪ್ಪು ‘ಆ ಫಸ್ಟ್ ಇಯರ್ ಹುಡುಗರದ್ದು’.

ನಮ್ಮ ನಡುವಿನ ಮೆಟ್ಟಿಲುಗಳು

ನಮ್ಮಂಥ ಕಾಲೇಜಿನಲ್ಲಿ ಶ್ರೇಣಿ ಎಂದರೆ ಪ್ರಾಂಶುಪಾಲರು, ಉಪನ್ಯಾಸಕರು, ವಿದ್ಯಾರ್ಥಿಗಳು ಎಂಬ ಮೂರು ಹಂತ ಮಾತ್ರ ಅಲ್ಲ. ಕಣ್ಣಿಗೆ ಕಾಣದ ಹಂತಗಳು ಬಹಳ. ಸೆಕೆಂಡ್ ಇಯರ್ ಮೇಲೆ, ಫಸ್ಟ್ ಇಯರ್ ಕೆಳಗೆ. ಇಂಗ್ಲಿಷ್ ಮೀಡಿಯಂನಿಂದ ಬಂದವರು ಮೇಲೆ, ಕನ್ನಡ ಮೀಡಿಯಂನಿಂದ ಬಂದವರು ಕೆಳಗೆ. ಮನೆಯಲ್ಲಿ ಬ್ಯಾರಿಯೋ ಉರ್ದುವೋ ತುಳುವೋ ಆಡುವ ಹುಡುಗಿ ಸಭೆಯಲ್ಲಿ ಯಾವ ಭಾಷೆಯಲ್ಲಿ ಬಾಯಿ ತೆರೆಯಬೇಕು ಎಂದು ಯೋಚಿಸುವಷ್ಟರಲ್ಲಿ ಚರ್ಚೆ ಮುಗಿದಿರುತ್ತದೆ. ಅವಳು ಪಕ್ಕದವಳ ಕಿವಿಯಲ್ಲಿ ಹೇಳಿದ ಐಡಿಯಾ ಎರಡು ಬೆಂಚು ದಾಟಿ ಇನ್ನೊಬ್ಬರ ಹೆಸರಿನಲ್ಲಿ ಹೊರಬರುತ್ತದೆ. ದೂರದ ಊರಿಂದ ಬರುವವರು ಕೊನೆಯ ಬಸ್ಸು ಹಿಡಿಯಬೇಕು, ಸಂಜೆಯ ಮೀಟಿಂಗ್‌ಗೆ ಅವರು ನಿಲ್ಲಲಾರರು. ‘ಆಸಕ್ತಿ ಇಲ್ಲ’ ಎಂಬ ಹಣೆಪಟ್ಟಿ ಅವರಿಗೆ ಅಂಟುತ್ತದೆ. ಇನ್ನು ಅಟೆಂಡರ್ ಅಣ್ಣಂದಿರು ಯಾವ ಸಮಿತಿಯಲ್ಲೂ ಇಲ್ಲ. ಆದರೆ ಸಭಾಂಗಣದ ಯಾವ ಪ್ಲಗ್‌ನಲ್ಲಿ ಕರೆಂಟ್ ಹೋಗಿ ಬರುತ್ತದೆ, ಜೋರು ಮಳೆ ಬಂದರೆ ಯಾವ ಮೂಲೆಗೆ ನೀರು ನುಗ್ಗುತ್ತದೆ ಎಂದು ಸರಿಯಾಗಿ ಗೊತ್ತಿರುವುದು ಅವರಿಗೇ. ಬಜ್ಪೆಯ ಸಹ ಪೈಲಟ್‌ಗೆ ಆ ರನ್‌ವೇ ಗೊತ್ತಿದ್ದ ಹಾಗೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಒಂದು, ಎಲ್ಲರ ಮಾತು ಕೇಳುತ್ತ ಕೂತರೆ ಕೆಲಸ ಮುಗಿಯುವುದು ಯಾವಾಗ? ನ್ಯಾಯವಾದ ಪ್ರಶ್ನೆ. ಆದರೆ ಕೇಳುವುದು ಬೇರೆ, ಕೇಳಿದ್ದನ್ನೆಲ್ಲ ಒಪ್ಪುವುದು ಬೇರೆ. ನಮ್ಮ ಮನೆಗಳಲ್ಲಿ ಮದುವೆಗೋ ಜಾಗ ಕೊಳ್ಳುವುದಕ್ಕೋ ಮೊದಲು ಮಶ್ವರ ಮಾಡುತ್ತಾರಲ್ಲ, ಅಲ್ಲಿ ಎಲ್ಲರ ಅಭಿಪ್ರಾಯ ಕೇಳಿದ ಮೇಲೆ ತೀರ್ಮಾನ ಒಂದೇ ಆಗುತ್ತದೆ. ಕೇಳಿ ಮಾಡಿದ ತೀರ್ಮಾನಕ್ಕೆ ಒಪ್ಪದವರೂ ಹೆಗಲು ಕೊಡುತ್ತಾರೆ. ಕೇಳದೆ ಮಾಡಿದ ತೀರ್ಮಾನಕ್ಕೆ ಒಪ್ಪಿದವರೂ ಅರ್ಧ ಮನಸ್ಸಿನಿಂದ ದುಡಿಯುತ್ತಾರೆ. ಮೊದಲು ಉಳಿಸಿದ ಹತ್ತು ನಿಮಿಷ ಕೊನೆಗೆ ಎರಡು ದಿನ ತಿನ್ನುತ್ತದೆ.

ಎರಡನೆಯದು, ಹಿರಿಯರಿಗೆ ಎದುರು ಮಾತಾಡುವುದು ಅಗೌರವ. ನನಗನಿಸುವುದು ಬೇರೆ. ತಪ್ಪು ಕಂಡೂ ಹೇಳದೆ ಇರುವುದು ಗೌರವ ಅಲ್ಲ, ಅದು ಭಯ ಅಥವಾ ‘ನನಗೇನು’ ಎಂಬ ಉದಾಸೀನ. ಸರ್ ಬೋರ್ಡಿನ ಮೇಲೆ ಲೆಕ್ಕದಲ್ಲಿ ಪ್ಲಸ್ ಬದಲು ಮೈನಸ್ ಬರೆದಾಗ ‘ಸರ್, ಅಲ್ಲಿ ಒಂದು ಸಲ ನೋಡ್ತೀರಾ’ ಎಂದು ಹೇಳುವ ವಿದ್ಯಾರ್ಥಿ ಸರ್‌ಗೆ ಅವಮಾನ ಮಾಡುತ್ತಿಲ್ಲ, ಅರವತ್ತು ನೋಟ್ ಪುಸ್ತಕಗಳನ್ನು ತಪ್ಪಿನಿಂದ ಉಳಿಸುತ್ತಿದ್ದಾನೆ. ವಿನಯ ಧ್ವನಿಯಲ್ಲಿ ಇರಲಿ, ಮಾತು ಮಾತ್ರ ಸ್ಪಷ್ಟವಾಗಿ ಇರಲಿ.

ಹಾಗಾದರೆ ಏನು ಮಾಡಬಹುದು? ದುಡ್ಡು ಖರ್ಚಾಗದ, ನಾಳೆಯಿಂದಲೇ ಶುರು ಮಾಡಬಹುದಾದ ಐದು ಸಂಗತಿಗಳನ್ನು ವಿದ್ಯಾರ್ಥಿಗಳ ಮತ್ತು ಉಪನ್ಯಾಸಕರ ಮುಂದೆ ಇಡುತ್ತೇನೆ.

ಮೊದಲನೆಯದು, ಮೊದಲ ಸಭೆಯಲ್ಲಿ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ತಾವು ಮಾಡುವ ಕೆಲಸವನ್ನು ಹೇಳಬೇಕು. ಸಣ್ಣ ವಿಷಯ ಎನಿಸಬಹುದು. ಆದರೆ ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗಾಗಿ ರೂಪಿಸಿದ ಚೆಕ್‌ಲಿಸ್ಟ್‌ನಲ್ಲಿ, ಕತ್ತರಿ ಹಾಕುವ ಮೊದಲು ಡಾಕ್ಟರು, ನರ್ಸ್ ಎಲ್ಲರೂ ಹೆಸರು ಮತ್ತು ಪಾತ್ರ ಹೇಳಿ ಪರಿಚಯಿಸಿಕೊಳ್ಳಬೇಕು ಎಂಬ ಅಂಶವೇ ಇದೆ. ನವದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಆ ಚೆಕ್‌ಲಿಸ್ಟ್ ಬಳಸಿ ನೋಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ನಂತರದ ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ ಇಳಿದಿತ್ತು. ಪರಿಚಯವೊಂದೇ ಅದಕ್ಕೆ ಕಾರಣ ಅಲ್ಲ, ಪಟ್ಟಿಯಲ್ಲಿ ಬೇರೆ ಅಂಶಗಳೂ ಇದ್ದವು. ಆದರೂ ಒಮ್ಮೆ ಬಾಯಿ ತೆರೆದು ಹೆಸರು ಹೇಳಿದವರಿಗೆ ಎರಡನೇ ಸಲ ಬಾಯಿ ತೆರೆಯುವುದು ಸುಲಭ.

ಎರಡನೆಯದು, ಲೀಡರ್ ಕೊನೆಗೆ ಮಾತಾಡಲಿ. ಮೊದಲೇ ‘ನನ್ನ ಪ್ರಕಾರ ಹೀಗೆ’ ಎಂದುಬಿಟ್ಟರೆ ಉಳಿದವರಿಗೆ ಉಳಿಯುವುದು ತಲೆಯಾಡಿಸುವ ಕೆಲಸ ಮಾತ್ರ. ಅತಿ ಕಿರಿಯರಿಂದ ಶುರು ಮಾಡಿ ಮೇಲಕ್ಕೆ ಬರಲಿ. ಯಾವ ಭಾಷೆಯಲ್ಲಿ ಬೇಕಾದರೂ ಹೇಳಲಿ, ಅರ್ಥ ಮಾಡಿಸಲು ಪಕ್ಕದಲ್ಲಿ ಯಾರಾದರೂ ಇದ್ದೇ ಇರುತ್ತಾರೆ.

ಮೂರನೆಯದು, ಕೆಲಸದ ಪಟ್ಟಿ ಹೆಸರಿನ ಜೊತೆ ಇರಲಿ. ‘ಡೆಕೊರೇಶನ್ – ಎಲ್ಲರೂ’ ಎಂದು ಬರೆದ ಪಟ್ಟಿ ಯಾರೂ ಮಾಡದ ಪಟ್ಟಿ. ಯಾರು, ಏನು, ಯಾವ ದಿನದೊಳಗೆ ಎಂದು ಬರೆದು ಅಂಟಿಸಿದರೆ ದುಡಿದವರು ಕಾಣುತ್ತಾರೆ, ದುಡಿಯದವರೂ ಕಾಣುತ್ತಾರೆ. ಉಪನ್ಯಾಸಕರಲ್ಲಿ ನನ್ನ ವಿನಂತಿ: ಗುಂಪು ಪ್ರಾಜೆಕ್ಟ್‌ಗೆ ಅಂಕ ಕೊಡುವ ಮೊದಲು ಪ್ರತಿಯೊಬ್ಬರನ್ನೂ ಎರಡು ಪ್ರಶ್ನೆ ಕೇಳಿ. ಅಷ್ಟು ಸಾಕು, ಹಗ್ಗ ಎಳೆದವರು ಯಾರು, ಬರೇ ಹಿಡಿದವರು ಯಾರು ಎಂದು ತಿಳಿಯುತ್ತದೆ.

ನಾಲ್ಕನೆಯದು, ಮಾತು ಕೇಳದಿದ್ದರೆ ಮುಂದೇನು ಎಂಬುದು ಮೊದಲೇ ನಿಶ್ಚಯ ಆಗಿರಲಿ. ಲೀಡರ್‌ಗೆ ಎರಡು ಸಲ ಹೇಳಿಯೂ ಉತ್ತರ ಬರದಿದ್ದರೆ ಸಮಿತಿಯ ಉಪನ್ಯಾಸಕರ ಬಳಿ ನೇರವಾಗಿ ಹೋಗಬಹುದು, ಹೋದದ್ದಕ್ಕೆ ಯಾರೂ ‘ಚಾಡಿಕೋರ’ ಎನ್ನಬಾರದು. ಇದೇ ಫಯೋಲ್ ಹೇಳಿದ ಅಡ್ಡ ಹಲಗೆಯ ನಮ್ಮ ಆವೃತ್ತಿ. ಗಾಯ, ಬೆಂಕಿ, ಕರೆಂಟ್, ಹಣ ಈ ನಾಲ್ಕು ವಿಷಯಗಳಲ್ಲಂತೂ ಯಾರು ಬೇಕಾದರೂ ‘ನಿಲ್ಲಿಸಿ’ ಎನ್ನಬಹುದು, ಎಂದ ಕೂಡಲೇ ಕೆಲಸ ನಿಲ್ಲಬೇಕು.

ಐದನೆಯದು, ಕಾರ್ಯಕ್ರಮ ಮುಗಿದ ಮೇಲೆ ಹದಿನೈದು ನಿಮಿಷ ಕೂರೋಣ. ತಪ್ಪಾದದ್ದನ್ನು ಮೊದಲು ಲೀಡರ್ ಹೇಳಲಿ, ಸರಿಯಾದದ್ದನ್ನು ಹೇಳುವಾಗ ಮಾಡಿದವರ ಹೆಸರು ಹಿಡಿದು ಹೇಳಲಿ. ವೇದಿಕೆಯ ಧನ್ಯವಾದದ ಪಟ್ಟಿಯಲ್ಲಿ ಕುರ್ಚಿ ಜೋಡಿಸಿದವರ, ಗುಡಿಸಿದವರ, ಅಟೆಂಡರ್ ಅಣ್ಣಂದಿರ ಹೆಸರೂ ಬರಲಿ. ಅದಕ್ಕೆ ಹೆಚ್ಚೆಂದರೆ ಒಂದು ನಿಮಿಷ ಬೇಕು.

ಲೀಡರ್ ಆಗಿರುವ ಗೆಳೆಯರಿಗೆ ಒಂದು ಮಾತು. ಈ ಲೇಖನ ನಿಮ್ಮ ವಿರುದ್ಧ ಅಲ್ಲ. ಕೆಲಸ ಕೆಟ್ಟರೆ ಬೈಸಿಕೊಳ್ಳುವವರು ನೀವು, ಮನೆಗೆ ತಡವಾಗಿ ಹೋಗುವವರೂ ನೀವು. ನಿಮ್ಮ ತಂಡದಲ್ಲಿ ಯಾರೂ ಎದುರು ಮಾತಾಡುವುದಿಲ್ಲ ಎಂದಾದರೆ, ಎಲ್ಲ ಸರಿಯಿದೆ ಎಂದು ಸಮಾಧಾನಪಡಬೇಡಿ. ನಿಮ್ಮವರೆಗೆ ಬರಬೇಕಾದ ಸುದ್ದಿ ಎಲ್ಲೋ ಮಧ್ಯದ ಮೆಟ್ಟಿಲಲ್ಲಿ ನಿಂತಿದೆ ಎಂದು ತಿಳಿಯಿರಿ. ಫಸ್ಟ್ ಇಯರ್ ಗೆಳೆಯರಿಗೂ ಒಂದು ಮಾತು. ಕೇಳುವವರು ಇಲ್ಲ ಎಂದು ಸುಮ್ಮನಾಗಬೇಡಿ. ಮುಂದಿನ ವರ್ಷ ಆ ಕುರ್ಚಿಯಲ್ಲಿ ಕೂರುವವರು ನೀವೇ. ಇಂದು ನಿಮಗೆ ಸಿಗದ ಕಿವಿಯನ್ನು ನಾಳೆ ಇನ್ನೊಬ್ಬರಿಗೆ ಕೊಡುವುದು ನಿಮ್ಮ ಕೈಯಲ್ಲಿದೆ.

ನಾವು ಇಲ್ಲಿಂದ ಹೊರಟು ಆಸ್ಪತ್ರೆಗೆ, ಬ್ಯಾಂಕಿಗೆ, ಗಲ್ಫ್‌ನ ಕಂಪನಿಗೆ, ಸ್ವಂತ ಅಂಗಡಿಗೆ ಹೋಗುವವರು. ಅಲ್ಲಿ ನಮ್ಮ ಮೇಲೊಬ್ಬರು, ಕೆಳಗೊಬ್ಬರು ಇದ್ದೇ ಇರುತ್ತಾರೆ. ಹೇಗೆ ಹೇಳಬೇಕು, ಹೇಗೆ ಕೇಳಬೇಕು ಎಂಬ ಅಭ್ಯಾಸ ಅಲ್ಲಿ ಒಂದೇ ದಿನದಲ್ಲಿ ಬರುವುದಿಲ್ಲ. ಅದನ್ನು ಕಲಿಯಲು ಒಂದು ವಾರ್ಷಿಕೋತ್ಸವದ ಸಮಿತಿಗಿಂತ ಒಳ್ಳೆಯ, ಅಪಾಯವಿಲ್ಲದ ಜಾಗ ಇನ್ನೊಂದಿಲ್ಲ. ಈ ವರ್ಷದ ಸಮಿತಿಗಳ ಪಟ್ಟಿ ಇನ್ನೂ ನೋಟಿಸ್ ಬೋರ್ಡಿಗೆ ಬಂದಿಲ್ಲ. ಅದು ಬರುವ ಮೊದಲೇ ಈ ಐದರಲ್ಲಿ ಎರಡನ್ನಾದರೂ ನಿಯಮವಾಗಿ ಬರೆದು ಪಟ್ಟಿಯ ಕೆಳಗೆ ಅಂಟಿಸಬಹುದಲ್ಲವೇ?

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ